ಇಪ್ಪತ್ತು ಉಗುರಿನ ಮರಿ

ಮರಿಯ ಮೈ ಒರೆಸುತ್ತಿದ್ದ ಹಳೆಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕಾವ್ಯಾ ಒದ್ದೆ ಕೈಯಲ್ಲೇ ಫೋನು ಎತ್ತಿದಳು. ಸಾಗರದ ಕಡೆಯ ರಂಜನಾ. ಮಧ್ಯಾಹ್ನದೊಳಗೆ ಬಂದು ಮರಿ ಒಯ್ಯುತ್ತೇವೆಂದು ನಿನ್ನೆಯೇ ಹೇಳಿದ್ದವಳು. ದಾರಿ ತಪ್ಪಿರಬೇಕು ಎಂದುಕೊಂಡ ಕಾವ್ಯಾ ತಾನೇ ಶುರು ಮಾಡಿದಳು. "ಹೊಸನಗರ ದಾಟಿ ಹುಂಚದ ರಸ್ತೆಗೆ ತಿರುಗಿ. ಎಡಗಡೆ ನೀಲಿ ಶೀಟಿನ ಶೆಡ್ ಕಾಣ್ತದಲ್ಲ, ಮೊನ್ನೆ ಬಂದಿದ್ರಲ್ಲ, ಅದೇ."

ಆ ಕಡೆ ರಂಜನಾ ಫೋನನ್ನು ದೂರ ಹಿಡಿದು ಗಂಡನಿಗೆ ಹೇಳುವುದು ಕೇಳಿಸಿತು. "ನಂಗೆ ಹೇಳಲೆ ಬತ್ತಿಲ್ಲೆ, ನೀವೇ ಮಾತಾಡಿ."

"ನಾ ಎಂತ ಹೇಳ್ಲಿ? ಬ್ಯಾಡ ಹೇಳಿ ಕೂತಿದ್ದು ನೀನು," ಎಂದಿತು ಶ್ರೀಕರನ ದನಿ.

ಕಾವ್ಯಾಳ ಕಾಲಬಳಿ ಮರಿ ಮೈ ಕೊಡವಿತು. ಹನಿಗಳು ಅವಳ ಪಾದಕ್ಕೆ ಸಿಡಿದವು.

"ಕಾವ್ಯಾ ಅವ್ರೇ, ಬೇಜಾರು ಮಾಡ್ಕೋಬೇಡಿ," ಎಂದಳು ರಂಜನಾ. "ನಮ್ಮಾವ ಮಲಗಿದಲ್ಲೇ ಇದ್ದಾರೆ, ನಿಮಗೆ ಹೇಳಿದ್ದೆನಲ್ಲ. ನಿಮ್ಮತ್ತೆ ಅವತ್ತು ಆ ಕಥೆ ಹೇಳಿದ್ರು. ಕೇಳೋವಾಗ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ತಲೆಯಿಂದ ಹೋಗ್ಲೇ ಇಲ್ಲ. ಈ ಮರಿ ಬಂದು ಅಂಗಳದಲ್ಲಿ ಒಂದು ಸಲ ಬೊಗಳಿದ್ರೂ ನಾನು ಮಾವನ ಕೋಣೆಗೆ ಓಡ್ಬೇಕಾಗ್ತದೆ. ದಿನಾ ಹೆಂಗೆ ಇರೋದು ಹೇಳಿ?"

"ಅದು ಬರೀ ಕಥೆ ಅಲ್ವೇನ್ರೀ," ಎಂದಳು ಕಾವ್ಯಾ.

"ಕಥೆ ಅಂತ ನಂಗೂ ಗೊತ್ತು. ಅಡ್ವಾನ್ಸ್ ನೀವೇ ಇಟ್ಕೊಳ್ಳಿ." ಫೋನು ಕಟ್ಟಾಯಿತು.

ಕೋಳಿ ಸಾಕುವುದನ್ನು ನಿಲ್ಲಿಸಿದ ಮೇಲೆ ಆ ಶೆಡ್ಡನ್ನು ಜಾಲರಿಯಿಂದ ಭಾಗ ಮಾಡಿ ಕಾವ್ಯಾಳ ಗಂಡ ಹರ್ಷವರ್ಧನ ಜರ್ಮನ್ ಶೆಫರ್ಡ್ ಸಾಕತೊಡಗಿದ್ದ. ಹೊರಗಿನ ಓಡಾಟ ಅವನದು, ಒಳಗಿನದೆಲ್ಲ ಕಾವ್ಯಾಳದು. ತಾಯಿನಾಯಿ ರಾಣಿಗೆ ಹೆರಿಗೆಯ ನೋವು ಬಂದರೆ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಮಲಗುವವಳು ಅವಳೇ. ಮೂರನೆಯ ದಿನ ಮರಿಗಳ ಹಿಂಗಾಲು ಸವರಿ ನೋಡುವವಳೂ ಅವಳೇ. ಕೆಲವು ಮರಿಗಳಿಗೆ ಅಲ್ಲಿ, ಒಳಬದಿಯಲ್ಲಿ, ನೆಲಕ್ಕೆ ತಾಗದ ಒಂದೊಂದು ಹೆಚ್ಚಿನ ಬೆರಳು ಜೋತುಬಿದ್ದಿರುತ್ತದೆ. ನಾಯಿಗೆ ಹದಿನೆಂಟು ಉಗುರಾದರೆ ಅಂಥದ್ದಕ್ಕೆ ಇಪ್ಪತ್ತು. ಆಗಿನ್ನೂ ಅದು ಬರಿಯ ಮಾಂಸ. ಕುದಿಸಿದ ಕತ್ತರಿಯಲ್ಲಿ ಚಿವುಟಿದರೆ ಮರಿ ಒಮ್ಮೆ ಕುಂಯ್ ಎಂದು ಮತ್ತೆ ಮೊಲೆಗೆ ಬಾಯಿ ಹಾಕುತ್ತದೆ. ಮಾರುವವರೆಲ್ಲ ಹಾಗೆ ತೆಗೆದುಬಿಡುತ್ತಾರೆ. ಇಪ್ಪತ್ತು ಉಗುರಿನದು ಎಂದರೆ ಮನೆಗೆ ಆಗದೆಂದು ಕೆಲವರು ಮುಟ್ಟುವುದಿಲ್ಲ.

ಈ ಸಲ ಒಂದೇ ಮರಿಗೆ ಹಾಗಿತ್ತು. ಕಾವ್ಯಾ ಕತ್ತರಿ ಹಿಡಿದು ಕೂತಿದ್ದಾಗ ಅತ್ತೆ ಹೂವಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಬಿಡೇ ಅದನ್ನ. ಅದು ಕೊಟ್ಟ ಉಗುರು, ಬೆಳೆದಿದ್ದಲ್ಲ," ಎಂದು ಕಥೆ ತೆಗೆದರು. ಹಿಂದೆ ಎಲ್ಲ ನಾಯಿಗೂ ಹದಿನೆಂಟೇ ಉಗುರಂತೆ. ಒಂದು ಊರಲ್ಲಿ ಯಾರೂ ಇಲ್ಲದ ಒಬ್ಬ ಮುದುಕ, ಅವನಿಗೊಂದು ನಾಯಿ. ಮುದುಕನನ್ನು ಒಯ್ಯಲು ಯಮನ ಆಳು ಬಂದಾಗ, ಯಾರ ಕಣ್ಣಿಗೂ ಬೀಳದ ಆ ಆಳು ನಾಯಿಗೆ ಕಂಡನಂತೆ. ಬೇಲಿ ದಾಟುವ ತಡಬೆಯ ಹತ್ತಿರವೇ ಅಡ್ಡ ನಿಂತಿತು. ಬೆಳಕು ಹರಿಯುವವರೆಗೂ ಬಿಡಲಿಲ್ಲ. ಬೆಳಕಾದ ಮೇಲೆ ಅವನಿಗೆ ಒಳಗೆ ಬರಲು ಅಪ್ಪಣೆಯಿಲ್ಲ. ಮುದುಕ ಬದುಕಿದ. ಕೊಡಲು ಮನೆಯಲ್ಲಿ ಏನೂ ಇಲ್ಲವಲ್ಲ, ತನ್ನ ಕಾಲಿನ ಎರಡು ಉಗುರು ಕಿತ್ತು ನಾಯಿಗೆ ಹಚ್ಚಿದನಂತೆ. "ಆ ಸಂತಾನದ್ದು ಇದು. ಇದಿದ್ದ ಮನೆಗೆ ಅವನು ಸುಮ್ಮನೆ ನುಗ್ಗೋ ಹಾಗಿಲ್ಲ, ತಿಳ್ಕ."

ಕಾವ್ಯಾ ನಕ್ಕಿದ್ದಳು. ಆದರೆ ಕತ್ತರಿ ಕೆಳಗಿಟ್ಟಿದ್ದಳು. ಅಂಗೈಯಲ್ಲಿ ಕಣ್ಣು ತೆರೆಯದ ಮರಿ ಬೆಚ್ಚಗಿತ್ತು, ಕಥೆಯೂ ಬೆಚ್ಚಗಿತ್ತು.

ಶ್ರೀಕರ ರಂಜನಾ ಮರಿ ಆರಿಸಲು ಬಂದ ದಿನ ಹೂವಮ್ಮ ಅದನ್ನೇ ಅವರಿಗೂ ಹೇಳಿದ್ದರು, ವ್ಯಾಪಾರಕ್ಕೆ ಒಂದು ಒಳ್ಳೆಯ ಮಾತು ಇರಲಿ ಎಂದು. "ಎಂತ ಚೊಲೊ ಇದ್ದು ಮರಿ!" ಎನ್ನುತ್ತಿದ್ದ ಶ್ರೀಕರ ಕಥೆ ಕೇಳಿ ಇನ್ನೂ ಹಿಗ್ಗಿದ್ದ. ರಂಜನಾ ಮರಿಯ ಹಿಂಗಾಲನ್ನು ಬೆರಳಿನಿಂದ ಮುಟ್ಟಿ ನೋಡಿ ಕೈ ಹಿಂದೆಗೆದಿದ್ದಳು.

ಹರ್ಷ ಬಂದು ಸುದ್ದಿ ಕೇಳಿದವನೇ ಹೆಲ್ಮೆಟ್ಟನ್ನು ಜಗಲಿಗೆ ಒಗೆದ.

"ಮಲಗಿದೋರ ಮನೆಯೋರಿಗೆ ಯಮನ ಕಥೆ ಹೇಳಿದ್ಯಾ ಅಮ್ಮ? ನಿಂಗೆ ಬೇರೆ ಕಥೆ ಸಿಗ್ಲಿಲ್ವಾ?"

"ನಾನು ಹೊಗಳಿದ್ದು ಮಾರಾಯ! ಕಾಯ್ತದೆ ಅಂದೆ, ಕರ್ಕೊಂಡು ಹೋಗ್ತದೆ ಅಂದ್ನಾ?"

"ಕಾಯ್ತದಂತೆ. ಗೇಟಲ್ಲಿ ನಿಂತು ಯಮನ ಆಳಿನ ಹತ್ರ ಲೈಸೆನ್ಸ್ ಕೇಳ್ತದಾ ಇದು?" ಅವನು ಕಾವ್ಯಾಳತ್ತ ತಿರುಗಿದ. "ಅವರು ಸಾಗರದ ವಾಟ್ಸಾಪ್ ಗ್ರೂಪಲ್ಲಿ ಒಂದು ಮಾತು ಹಾಕಿದ್ರೆ ಮುಗೀತು. ರಾಣಿ ಮರಿ ಅಂದ್ರೆ ಇಪ್ಪತ್ತುಗುರಿಂದು ಅಂತ ಹೆಸರು ಬೀಳ್ತದೆ. ಮೂರನೇ ದಿನ ಎಂತ ಮಾಡ್ತಿದ್ದೆ ನೀನು?"

ಕಾವ್ಯಾ ಹೆಲ್ಮೆಟ್ಟನ್ನು ಎತ್ತಿ ಮೊಳೆಗೆ ಸಿಕ್ಕಿಸಿದಳು. ಹೂವಮ್ಮನ ಮುಖ ನೋಡಲಿಲ್ಲ.

ಉಳಿದ ಮರಿಗಳೆಲ್ಲ ಮಾರಿಹೋಗಿದ್ದವು. ಎರಡೇ ದಿನಕ್ಕೆ ತೀರ್ಥಹಳ್ಳಿ ಕಡೆಯ ಅರಳಸುರಳಿಯಿಂದ ಉಮಾಮಹೇಶ್ವರ ಎಂಬವರು ಫೋನು ಮಾಡಿ, ಬರುವ ವಾರ ಬಂದು ನೋಡುತ್ತೇನೆ, ಹಿಡಿಸಿದರೆ ಆಗಲೇ ಒಯ್ಯುತ್ತೇನೆ ಎಂದರು. ಆ ಸಂಜೆ ಹರ್ಷ ಮೆಡಿಕಲ್ಲಿನಿಂದ ಹೊಸ ಬ್ಲೇಡು ತಂದು ಕಾವ್ಯಾಳ ಮುಂದಿಟ್ಟ.

"ಅವರು ಉಗುರಿನ ವಿಷಯ ಕೇಳಿದ್ರಾ?"

"ಕೇಳೋತನಕ ಕಾಯ್ಬೇಕಾ?"

"ಈಗ ಮೂಳೆ ಬಲಿತಿದೆ ರೀ. ದನದ ಆಸ್ಪತ್ರೆಗೆ ಒಯ್ದು ಡಾಕ್ಟರ ಹತ್ರ ಮಾಡಿಸೋಣ."

"ಹೊಲಿಗೆ ಹಾಕ್ತಾರೆ. ಹೊಲಿಗೆ ಕಂಡ್ರೆ ಮರಿಗೆ ಏನಾಗಿತ್ತು ಅಂತ ಕೇಳ್ತಾರೆ. ನೀನು ಹಿಡ್ಕೋ, ನಾನು ಕುಯ್ತೀನಿ. ಒಂದು ನಿಮಿಷದ ಕೆಲಸ."

ಅವಳು ಬ್ಲೇಡನ್ನು ಕಾಗದ ಸಮೇತ ಎತ್ತಿ ಕಿಟಕಿಯ ಮೇಲಿಟ್ಟಳು. ಚಿಕ್ಕಂದಿನಲ್ಲಿ ಅವಳ ಕತ್ತಿನ ಮೇಲೊಂದು ನರಹುಲಿ ಇತ್ತು. ಅಮ್ಮ ಅದರ ಬುಡಕ್ಕೆ ಕುದುರೆ ಬಾಲದ ಕೂದಲು ಬಿಗಿದಿದ್ದಳು. ನೋವೇ ಆಗಿರಲಿಲ್ಲ. ಒಂದು ದಿನ ತಲೆ ಬಾಚುವಾಗ ನೋಡಿದರೆ ಉದುರಿಹೋಗಿತ್ತು. "ದಾರ ಕಟ್ತೀನಿ," ಎಂದಳು. "ಒಣಗಿ ತಾನೇ ಬೀಳ್ತದೆ. ರಕ್ತ ಬರಲ್ಲ."

ಹರ್ಷ ಒಪ್ಪಿದ. ಅವನಿಗೂ ಕುಯ್ಯಲು ಮನಸ್ಸಿರಲಿಲ್ಲವೆಂದು ಅವನು ಬೇಗನೆ ಎದ್ದುಹೋದುದರಿಂದ ತಿಳಿಯಿತು.

ಅವಳು ಬ್ಲೌಸ್ ಹೊಲಿಯುವ ದಾರವನ್ನು ಎರಡೆಳೆ ಮಾಡಿ, ಎಣ್ಣೆ ಸವರಿ, ಮರಿಯನ್ನು ಅಂಗಾತ ತೊಡೆಯ ಮೇಲೆ ಮಲಗಿಸಿಕೊಂಡಳು. ಹೊಟ್ಟೆ ಕೆರೆದರೆ ಅದಕ್ಕೆ ಇಷ್ಟ. ಒಂದು ಕೈಯಲ್ಲಿ ಕೆರೆಯುತ್ತ, ಇನ್ನೊಂದು ಕೈ ಮತ್ತು ಹಲ್ಲು ಸೇರಿಸಿ ಎರಡೂ ಹಿಂಗಾಲಿನ ಹೆಚ್ಚಿನ ಬೆರಳುಗಳ ಬುಡಕ್ಕೆ ಬಿಗಿದಳು. ಗಂಟು ಬಿದ್ದಾಗ ಮರಿ ತಲೆಯೆತ್ತಿ ಅವಳ ಗಲ್ಲ ನೆಕ್ಕಿತು.

ಮೊದಲೆರಡು ದಿನ ಎಲ್ಲ ಸರಿಯಿತ್ತು. ಆಮೇಲೆ ಮರಿ ಕಾಲನ್ನೇ ನೆಕ್ಕುತ್ತ ಕೂರತೊಡಗಿತು. ಎಡಗಾಲಿನ ಬೆರಳು ಕಪ್ಪಾಗಿ ಬಿದ್ದುಹೋಯಿತು, ಅವಳು ಹೇಳಿದ ಹಾಗೆಯೇ. ಬಲಗಾಲಿನದು ಬೀಳಲಿಲ್ಲ. ದಾರ ಬಾವಿನೊಳಗೆ ಹೂತು ಕಾಣದಾಯಿತು. ಕಾಲು ಪಾದದಿಂದ ಮೊಣಕಾಲಿನವರೆಗೆ ಊದಿತು. ಹತ್ತಿರ ಹೋದರೆ ವಾಸನೆ. ಹೂವಮ್ಮ ಅರಿಶಿನ, ಬೇವು ಅರೆದು ತಂದರು. ಕಾವ್ಯಾ ಮರಿಯನ್ನು ಸೆರಗಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಬ್ಬಳೇ ಡಾಕ್ಟರ ಹತ್ತಿರ ಒಯ್ದಳು.

ಡಾಕ್ಟರು ದಾರವನ್ನು ಚಿಮಟಿಯಲ್ಲಿ ಎಳೆದು ತೆಗೆದು ಬೆಳಕಿಗೆ ಹಿಡಿದರು. ಕೆಂಪು ದಾರ. ಮದುವೆಗೆ ಹೊಲಿದ ಬ್ಲೌಸಿನದು.

"ಯಾರು ಕಟ್ಟಿದ್ದು?"

"ನಾನೇ."

ಅವರು ಇನ್ನೇನೋ ಹೇಳಬೇಕೆಂದಿದ್ದವರು ಅವಳ ಮುಖ ನೋಡಿ ಬಿಟ್ಟರು. "ಕಾಲು ಉಳೀತದೆ. ಆದ್ರೆ ನರ ಕೊಳೆತಿದೆ. ಪಾದ ಊರಿ ಓಡೋದು ಕಷ್ಟ."

ಉಮಾಮಹೇಶ್ವರರು ಬರುವುದನ್ನು ಹರ್ಷ ಏನೋ ನೆಪ ಹೇಳಿ ಮುಂದೆ ಹಾಕುತ್ತ ಬಂದ. ಊತ ಇಳಿದು ಗಾಯಕ್ಕೆ ಹಕ್ಕಳೆ ಕಟ್ಟಿದ ಮೇಲೆ ಬರಹೇಳಿದ. ಅವರು ದೊಡ್ಡ ದನಿಯ, ಎಲೆ ಅಡಿಕೆ ಹಾಕುವ, ಬಂದ ಕೂಡಲೇ ನೆಲಕ್ಕೆ ಕೂತು ಮರಿಯನ್ನು ತೊಡೆಗೆಳೆದುಕೊಳ್ಳುವ ಮನುಷ್ಯ. ಕಿವಿ ನೋಡಿದರು, ಹಲ್ಲು ನೋಡಿದರು. ಉಗುರು ಎಣಿಸಲಿಲ್ಲ. "ನಮ್ಮ ಕಡೆ ಚಿರತೆ ಕಾಟ ಕಣಮ್ಮ. ಹೋದ ವರ್ಷ ಎರಡು ನಾಯಿ ಹೋದ್ವು. ಇದು ಚುರುಕಿದೆ, ಕಣ್ಣಲ್ಲೇ ಗೊತ್ತಾಗ್ತದೆ," ಎಂದು ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಅಂಗಳದ ಆಚೆಗೆ ಎಸೆದರು. "ಹೋಗು, ತಗಂಬಾ."

ಮರಿ ಹೋಯಿತು. ಮೂರು ಕಾಲಿನಲ್ಲಿ, ನಾಲ್ಕನೆಯದನ್ನು ಹೊಟ್ಟೆಗೆ ಎಳೆದುಕೊಂಡು. ಬಿಸ್ಕತ್ತಿನ ಹತ್ತಿರ ಜೋಲಿ ತಪ್ಪಿ ಬಿತ್ತು, ಎದ್ದು ಬಾಯಲ್ಲಿ ಹಿಡಿದು ತಿನ್ನದೆ ವಾಪಸು ತಂದು ಅವರ ಮುಂದಿಟ್ಟಿತು.

ಉಮಾಮಹೇಶ್ವರರು ಅದರ ಬಲಗಾಲು ಹಿಡಿದು ತಿರುಗಿಸಿದರು. "ಓ, ಉಗುರು ತೆಗೆಸಿದ್ರಾ? ಇಷ್ಟು ದೊಡ್ಡದಾದ ಮೇಲೆ? ಎಂತಕ್ಕೆ ಮಾರಾಯ್ರೇ?"

"ಕೆಲವರು ಆಗಲ್ಲ ಅಂತಾರೆ ಸಾರ್," ಎಂದ ಹರ್ಷ.

"ನಮ್ಮಪ್ಪನ ಕಾಲದ ಕರಿನಾಯಿಗೆ ಇಪ್ಪತ್ತಿತ್ತು. ಮುದಿಯಾಗಿ ಸತ್ತಿದ್ದು ಅದು." ಅವರು ಮರಿಯ ನೆತ್ತಿ ಸವರಿ ಕೆಳಗಿಳಿಸಿದರು. ಹೂವಮ್ಮ ತಂದ ಕಾಫಿಯನ್ನು ನಿಂತೇ ಕುಡಿದರು. "ಮನೇಲಿ ಒಂದು ಮಾತು ಕೇಳಿ ಫೋನ್ ಮಾಡ್ತೀನಿ," ಎಂದರು.

ಆ ಮಾತಿನ ಅರ್ಥ ಮೂವರಿಗೂ ಗೊತ್ತಿತ್ತು. ಅವರ ಜೀಪು ತಿರುವಿನಲ್ಲಿ ಮರೆಯಾಯಿತು. ಹೂವಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವತ್ತಿನಿಂದ ಅವರು ಶೆಡ್ಡಿನ ಕಡೆ ಬರುವುದನ್ನೇ ಬಿಟ್ಟರು.

ಆಮೇಲೆ ಬಂದವರೆಲ್ಲ ಮೊದಲು ನೋಡುತ್ತಿದ್ದುದು ಕುಂಟುವ ಮರಿಯನ್ನೇ. ರಾಣಿಯ ಹೊಟ್ಟೆಯಲ್ಲಿ ಮತ್ತೆ ಮರಿಗಳಿದ್ದವು. ಮುಂಗಡ ಮಾತಾಡಲು ಬಂದ ಇಬ್ಬರು, "ಅದಕ್ಕೆಂತ ಕಾಯಿಲೆ? ಹುಟ್ಟುತ್ತಲೇ ಹಾಗಾ?" ಎಂದು ಕೇಳಿ ಹೋದವರು ತಿರುಗಿ ಬರಲಿಲ್ಲ. ಹರ್ಷ ಕೂಗಾಡಲಿಲ್ಲ. ಅದರಿಂದಲೇ ಕಾವ್ಯಾಳಿಗೆ ಹೆಚ್ಚು ಹೆದರಿಕೆಯಾಯಿತು. ಸುಮ್ಮನೆ ಊಟ ಮಾಡಿ ಸುಮ್ಮನೆ ಏಳುತ್ತಿದ್ದ.

"ಮನೆ ಒಳಗೇ ಇಟ್ಕೊಳ್ತೀನಿ," ಎಂದಳು ಅವಳೊಮ್ಮೆ. "ಬಂದೋರ ಕಣ್ಣಿಗೆ ಬೀಳದ ಹಾಗೆ."

"ಬೊಗಳಲ್ವಾ ಅದು? ಎಷ್ಟು ದಿನ ಮುಚ್ಚಿಡ್ತೀಯ?" ಎಂದ. ತಟ್ಟೆ ಸರಿಸಿ, "ನಾಳೆ ಸಾಗರಕ್ಕೆ ಹೋಗೋದಿದೆ, ಫೀಡ್ ತರೋಕೆ. ಅಲ್ಲಿ ಪರಿಚಯದೋರ ತೋಟ ಇದೆ, ಬಿಟ್ಟು ಬರ್ತೀನಿ," ಎಂದ.

"ಯಾರ ತೋಟ?"

"ಇದೆ ಮಾರಾಯ್ತಿ. ನಿಂಗೆ ಗೊತ್ತಾಗಲ್ಲ."

"ನಾನೂ ಬರ್ತೀನಿ," ಎಂದಳು.

ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮರಿ ಅವಳ ತೊಡೆಯ ಮೇಲೆ ನಿಂತು ಗಾಜಿಗೆ ಮೂಗು ಒತ್ತಿ ದಾರಿಯುದ್ದಕ್ಕೂ ಹೊರಗೆ ನೋಡಿತು. ಎದುರಿಗೆ ಬಸ್ಸು ಬಂದಾಗಲೆಲ್ಲ ಬಾಲ ಅಲ್ಲಾಡುತ್ತಿತ್ತು. ಸಾಗರದ ಪೇಟೆ ಬಂತು. ಫೀಡಿನ ಅಂಗಡಿ ಬಂತು. ಗಾಡಿ ನಿಲ್ಲಲಿಲ್ಲ.

"ಅಂಗಡಿ ಹಿಂದಾಯ್ತಲ್ಲ?"

"ಬರ್ತಾ ತಗೊಂಡ್ರಾಯ್ತು."

ಸ್ವಲ್ಪ ದೂರ ಹೋದ ಮೇಲೆ ಅವಳಿಗೆ ರಸ್ತೆಯ ಗುರುತು ಸಿಕ್ಕಿತು. "ತೋಟ ಇಲ್ಲ ಅಲ್ವಾ?" ಎಂದಳು.

ಹರ್ಷ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೊಳೆಬಾಗಿಲಲ್ಲಿ ಜನ ಇರ್ತಾರೆ. ಲಾಂಚಿಗೆ ಕಾಯ್ತಾ ಏನಾದ್ರೂ ಹಾಕ್ತಾರೆ. ಅಲ್ಲಿ ನಾಯಿಗಳು ಹೆಂಗಿವೆ ಗೊತ್ತಾ? ನಮ್ಮ ರಾಣಿಗಿಂತ ದಪ್ಪ."

ಮದುವೆಯಾದ ಹೊಸತರಲ್ಲಿ ಸಿಗಂದೂರಿಗೆ ಹೋಗುವಾಗ ಹಿನ್ನೀರು ದಾಟಿಸುವ ಲಾಂಚಿಗೆ ಅವರಿಬ್ಬರೂ ಅಲ್ಲಿ ಅರ್ಧ ದಿನ ಕಾದಿದ್ದರು. ವಾಹನಗಳ ಸಾಲು, ಬೇಯಿಸಿದ ಜೋಳ, ಮಂಡಕ್ಕಿ, ಕೂಗಾಟ. ಈಗ ಗಾಡಿ ಇಳಿಜಾರಿನ ಕೊನೆಗೆ ಬಂದು ನಿಂತಾಗ ಅಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ, ನೀರಿನ ಮೇಲೆ ಉದ್ದಕ್ಕೆ ಹೊಸ ಸೇತುವೆ. ಅದರ ಮೇಲೆ ಕಾರುಗಳು ಒಂದರ ಹಿಂದೊಂದು ನಿಲ್ಲದೆ ದಾಟಿಹೋಗುತ್ತಿದ್ದವು. ಜೋಳದ ಅಂಗಡಿಯ ತಗಡನ್ನು ಯಾರೋ ಬಿಚ್ಚಿ ಒಯ್ದಿದ್ದರು. ಲಾಂಚು ತಾಗುತ್ತಿದ್ದ ಕಾಂಕ್ರೀಟಿನ ಮೇಲೆ ಏಳೆಂಟು ನಾಯಿಗಳು, ಪಕ್ಕೆಲುಬು ಎಣಿಸುವ ಹಾಗೆ, ನೀರಿನತ್ತ ಮುಖ ಮಾಡಿ ಮಲಗಿದ್ದವು.

"ಜನ ಇರ್ತಿದ್ರು ಇಲ್ಲಿ," ಎಂದ ಹರ್ಷ, ತನಗೇ ಹೇಳಿಕೊಳ್ಳುವವನ ಹಾಗೆ.

"ವಾಪಸ್ ಹೋಗೋಣ ರೀ."

ಅವನು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತೇ ಇದ್ದ. ಆಮೇಲೆ ಇಳಿದು, ಸುತ್ತಿ ಬಂದು, ಅವಳ ಬಾಗಿಲು ತೆಗೆದು ಮರಿಯನ್ನು ಎತ್ತಿಕೊಂಡ. ಅವಳ ಕೈ ಅದರ ಕತ್ತಿನ ಪಟ್ಟಿಯನ್ನು ಹಿಡಿದಿತ್ತು. ಅವನು ಎಳೆಯಲಿಲ್ಲ, ಬಿಡುವವರೆಗೆ ನಿಂತ. ಅವಳು ಬಿಟ್ಟಳು. ಕಾಂಕ್ರೀಟಿನವರೆಗೆ ಒಯ್ದು ಕೆಳಗಿಳಿಸಿದ. ಬಿಸ್ಕತ್ತಿನ ಪ್ಯಾಕೆಟ್ಟು ಹರಿದು ಮುಂದೆ ಸುರಿದ. ಹಿಂದೆ ನೋಡದೆ ಬಂದು ಗಾಡಿ ಹತ್ತಿದ.

ಗಾಡಿ ಏರು ಹತ್ತತೊಡಗಿದಾಗ ಕಾವ್ಯಾ ಬಾಗಿಲು ತಳ್ಳಿದಳು. ಹರ್ಷ ಬ್ರೇಕು ಒತ್ತಿದ. ಅವಳು ಧುಮುಕಿ, ಇಳಿಜಾರಿನ ತುದಿಗೆ ಬಂದು ನಿಂತಳು. ಮರಿ ಎದ್ದು ನಿಂತು ಸುತ್ತ ನೋಡುತ್ತಿತ್ತು. ಎತ್ತ ಹೋಗಬೇಕೆಂದು ಅದಕ್ಕೆ ತಿಳಿದಂತಿರಲಿಲ್ಲ. ಕರೆಯಬೇಕೆಂದು ಬಾಯಿ ತೆರೆದಾಗ ಅವಳಿಗೆ ಹೆಸರು ಸಿಗಲಿಲ್ಲ. ಮಾರುವ ಮರಿಗೆ ಅವರು ಹೆಸರಿಡುತ್ತಿರಲಿಲ್ಲ, ಅದು ಕೊಂಡವರ ಕೆಲಸ. ಯಾವ ನಾಯಿಯನ್ನಾದರೂ ಕರೆಯುವ ಹಾಗೆ ಕರೆದಳು.

"ಕುರೂ... ಕುರು ಕುರು ಕುರೂ..."

ದನಿ ನೀರಿನ ಮೇಲೆ ಹೋಯಿತು. ಮಲಗಿದ್ದ ನಾಯಿಗಳೆಲ್ಲ ತಲೆ ಎತ್ತಿದವು. ಒಂದೊಂದಾಗಿ ಎದ್ದು, ಮೈ ಮುರಿದು, ಬಾಲ ಆಡಿಸುತ್ತ ಇಳಿಜಾರು ಹತ್ತಿ ಅವಳತ್ತ ಓಡಿಬರತೊಡಗಿದವು. ಅವುಗಳ ಕಾಲುಗಳ ನಡುವೆ, ತುಂಬ ಹಿಂದೆ, ಮರಿಯ ಒಂದು ಕಿವಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು.