ಮಿಂಚುಗಣ್ಣನ ಅವ್ವನಿಗೆ ಊಟ ಇಕ್ಕಿದವರು

ಧಾರಾವಾಹಿ ಬರೆಯುವವರನ್ನೆಲ್ಲ ಒಂದು ವರ್ಷ ಹೊಗೆಸೊಪ್ಪು ಕಟ್ಟುವ ಕೆಲಸಕ್ಕೆ ಹಾಕಬೇಕು. ಆಗಲೂ ಹಾಗೇ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ಕೋಲಿನ ಈ ಕಡೆ ಎರಡು ಎಲೆ, ಆ ಕಡೆ ಎರಡು ಎಲೆ, ಪ್ರತಿ ಜೋಡಿಗೂ ದಾರದ ಒಂದು ಬಿಗಿ. ತುಂಬಿದ ಕೋಲುಗಳನ್ನು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಆ ಎತ್ತರದ ಮಣ್ಣಿನ ಮನೆಯಲ್ಲಿ, ಸಾಲಾಗಿ ತೂಗುಹಾಕುತ್ತಾರೆ. ಒಂದೇ ಒಂದು ಬಿಗಿ ಸಡಿಲವಾಗಿದ್ದರೂ ಸಾಕು, ಎಲೆ ಒಣಗಿ ಜಾರಿ ಕೆಳಗಿನ ಕಾದ ಕಬ್ಬಿಣದ ಕೊಳವೆಯ ಮೇಲೆ ಬೀಳುತ್ತದೆ. ಬಿದ್ದರೆ ಬೆಂಕಿ. ಇದು ಹಾರನಹಳ್ಳಿ ಸುತ್ತಿನ ಹೆಂಗಸರಿಗೆಲ್ಲ ಗೊತ್ತಿತ್ತು. ‘ಮಿಂಚುಗಣ್ಣ’ ಎಂಬ ಧಾರಾವಾಹಿ ಬರೆಯುತ್ತಿದ್ದ ಪುಣ್ಯಾತ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ಅದು ಎಪ್ಪತ್ತೆರಡನೇ ಇಸವಿ. ನಾನು ಮಿರ್ಲೆಯ ಹುಡುಗಿ, ಎಸ್‌ಎಸ್‌ಎಲ್‌ಸಿ ಪಾಸಾಗಿ ಮೇಡಂ ಆಗುತ್ತೇನೆ ಅಂದುಕೊಂಡಿದ್ದವಳು. ಹಾರನಹಳ್ಳಿಯ ಚಲುವಯ್ಯನವರ ಸೊಸೆಯಾದೆ. ಮಾವ ಊರ ಮುಂದೆ ‘ನಮ್ಮ ಸೊಸೆ ಚಾಮುಂಡಮ್ಮ ಓದಿದವಳು’ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು, ಮನೆಯೊಳಗೆ ‘ಓದಿದೋಳ ಕೈಲಿ ಒಂದು ಕೋಲೂ ಸರಿಯಾಗಿ ಕಟ್ಟಾಕಾಗಲ್ಲ’ ಅಂತ ಗೊಣಗುತ್ತಿದ್ದರು. ಎರಡೂ ನಿಜ. ನನ್ನಪ್ಪ ಪ್ರತಿ ಶುಕ್ರವಾರ ಬಸ್ಸಿನ ಕಂಡಕ್ಟರ್ ಕೈಲಿ ಒಂದು ವಾರಪತ್ರಿಕೆ ಕಳಿಸುತ್ತಿದ್ದರು. ತವರಿನಿಂದ ನನಗೆ ಬರುತ್ತಿದ್ದದ್ದು ಅದೊಂದೇ. ಅದಿಲ್ಲದಿದ್ದರೆ ಆ ಮನೆಯಲ್ಲಿ ನಾನು ಮೂಕಿಯಾಗಿಬಿಡುತ್ತಿದ್ದೆ.

ಮೊದಮೊದಲು ಸೊಪ್ಪು ಕಟ್ಟುವ ಚಪ್ಪರದಲ್ಲಿ, ರಾಶಿಯ ಮರೆಯಲ್ಲಿ ಕದ್ದು ಓದುತ್ತಿದ್ದೆ. ಕೆಲಸಕ್ಕೆ ಬರುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಚಿಕ್ಕಬೀರಮ್ಮ ಒಂದು ದಿನ ಹಿಡಿದೇಬಿಟ್ಟಳು.

"ಒಬ್ಳೇ ನಗ್ತಾ ಇದ್ದೀಯಲ್ಲ ಚಾಮವ್ವ, ನಮ್ಗೂ ಒಸಿ ಏಳು."

ಅಂದಿನಿಂದ ಗಟ್ಟಿಯಾಗಿ ಓದತೊಡಗಿದೆ. ಕಥೆ ನಡೆಯುತ್ತಿದ್ದರೆ ಹೆಂಗಸರ ಕೈ ಓಡುತ್ತಿತ್ತು. ಬೆಳಿಗ್ಗೆ ಮುರಿದ ಸೊಪ್ಪನ್ನು ಹೊತ್ತು ಮುಳುಗುವುದರೊಳಗೆ ಕಟ್ಟಿ ಮುಗಿಸದಿದ್ದರೆ ರಾಶಿಯಲ್ಲೇ ಬೆಂದು ಕಪ್ಪಾಗುತ್ತದೆ. ಹೀಗಾಗಿ ಮಾವನೂ ಸುಮ್ಮನಾದರು. ಓದು ಮುಗಿದ ಮೇಲೆ ಪತ್ರಿಕೆ ಕೈಯಿಂದ ಕೈಗೆ ಹೋಗಬೇಕು, ಎಲ್ಲರೂ ಆ ವಾರದ ಚಿತ್ರ ನೋಡಬೇಕು. ಅದು ನಮ್ಮ ಚಪ್ಪರದ ಕಟ್ಟಳೆಯಾಗಿಹೋಯಿತು. ಅಕ್ಷರ ಬಾರದವರಿಗೆ ಚಿತ್ರವೇ ಸಾಕ್ಷಿ.

ಆಹಾ, ಆ ಮಿಂಚುಗಣ್ಣ! ಹಗಲೆಲ್ಲ ಹೆಗ್ಗಡದೇವನಕೋಟೆಯ ಒಂದು ಆಫೀಸಿನಲ್ಲಿ ಬೈಸಿಕೊಳ್ಳುವ ಅಂಜುಬುರುಕ ಗುಮಾಸ್ತ. ಯಾರಿಗಾದರೂ ಅಪಾಯ ಬಂತೆಂದರೆ ಕನ್ನಡಕ ತೆಗೆದು, ಮುಖಕ್ಕೆ ಮುಸುಕು ಹಾಕಿ, ಬೆನ್ನಿಗೆ ನೀಲಿ ಬಟ್ಟೆ ಕಟ್ಟಿಕೊಂಡು ಆಕಾಶಕ್ಕೆ ಹಾರುತ್ತಿದ್ದ. ದಿಟ್ಟಿಸಿ ನೋಡಿದರೆ ಕಣ್ಣಿಂದ ಮಿಂಚು! ಮೂರನೆಯ ವಾರ ಜೈಲಿನ ಕಬ್ಬಿಣದ ಸರಳುಗಳನ್ನೇ ಕರಗಿಸಿಬಿಟ್ಟ. ನನ್ನ ವಯಸ್ಸಿನ ಮರಮ್ಮನಂತೂ ಕೈಯಲ್ಲಿದ್ದ ಎಲೆಯಿಂದಲೇ ಚಪ್ಪಾಳೆ ತಟ್ಟಿದ್ದಳು. ಅವನಿಗೊಬ್ಬ ವೈರಿ, ಚೇಳುಮೀಸೆ ಅಂತ. ಕಾಡಂಚಿನ ಗುಡಿಸಲಲ್ಲಿ ಒಬ್ಬ ಮುದಿ ತಾಯಿ.

ಐದನೆಯ ವಾರದಿಂದ ಕಥೆಯ ಬಿಗಿ ಸಡಿಲವಾಗತೊಡಗಿತು. ಆ ವಾರ ಮಿಂಚುಗಣ್ಣನ ಬಲಗೈ ಮುರಿಯಿತು. ಆರನೆಯ ವಾರ ಅದೇ ಬಲಗೈಯಲ್ಲಿ ಜೀಪು ಎತ್ತಿದ.

"ನಮ್ಮ ಮಾವನ ಕೈ ಮುರ್ದು ಮೂರು ತಿಂಗ್ಳು ದಬ್ಬೆ ಕಟ್ಟಿದ್ರು. ಇವನ ಮೂಳೆ ವಾರಕ್ಕೇ ಕೂಡ್ಕತಾ?" ಅಂದಳು ಮರಮ್ಮ.

ಏಳನೆಯ ವಾರ ಚೇಳುಮೀಸೆ ಕಪಿನಿ ಹೊಳೆಯ ಪ್ರವಾಹದಲ್ಲಿ ಮುಳುಗಿ ಸತ್ತ. ಒಂಬತ್ತನೆಯ ವಾರ ಮೀಸೆ ತಿರುವುತ್ತ ಹಾಜರು. ಹೇಗೆ ಬದುಕಿದ ಎಂದು ಒಂದು ಸಾಲೂ ಇಲ್ಲ.

"ಅದು ಕಥೆ ಕಣ್ರಮ್ಮಾ," ಅಂದೆ ನಾನು, ಬರೆದವನ ವಕೀಲೆಯ ಹಾಗೆ.

"ಕಥೇಲಿ ಸುಳ್ಳು ಏಳ್ಬೋದು ಕಣವ್ವ, ಅದ್ವಾನ ಮಾಡಂಗಿಲ್ಲ," ಅಂದಳು ಚಿಕ್ಕಬೀರಮ್ಮ.

ಇವರ ನಡುವೆ ಚೆನ್ನಿ ಒಬ್ಬಳು. ಹೆಗ್ಗಡದೇವನಕೋಟೆಯ ಆಚೆ ಕಾಡಂಚಿನಲ್ಲಿ ಗಿರಿಜನರು ಇರುವ ಹಾಡಿಯವಳು, ಸೊಪ್ಪಿನ ಕಾಲಕ್ಕೆ ಬಂದು ನಮ್ಮಲ್ಲೇ ಇರುತ್ತಿದ್ದಳು. ಮಾತು ಕಡಿಮೆ, ಬಿಗಿ ಮಾತ್ರ ಎಲ್ಲರಿಗಿಂತ ಗಟ್ಟಿ. ಅವಳ ಅವ್ವ ಹಾಡಿಯಲ್ಲೇ ಉಳಿದಿದ್ದಳು. ಚೆನ್ನಿ ಕೈಯ ಬಗ್ಗೆಯೂ ಕೇಳಲಿಲ್ಲ, ಮೀಸೆಯ ಬಗ್ಗೆಯೂ ಕೇಳಲಿಲ್ಲ. ಪ್ರತಿ ವಾರ ಅವಳದು ಒಂದೇ ಪ್ರಶ್ನೆ.

"ಆ ಮುದ್ಕಿಗೆ ಊಟ ಯಾರಿಕ್ಕುದ್ರು?"

ನಾಲ್ಕನೆಯ ವಾರ ‘ಬೇಗ ಬರುತ್ತೇನಮ್ಮಾ’ ಎಂದು ಹಾರಿಹೋದ ಮಗ ಗುಡಿಸಲಿನ ಕಡೆ ತಿರುಗಿ ನೋಡಿರಲಿಲ್ಲ. ಬರೆಯುವವನು ಆ ಮುದುಕಿಯನ್ನು ಮರೆತೇಬಿಟ್ಟಿದ್ದ. ನಾನೂ ಚೆನ್ನಿಯ ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹತ್ತನೆಯ ವಾರ ಗ್ರಹಚಾರ ಕೆಟ್ಟಿತು. ಚೇಳುಮೀಸೆ ಮಿಂಚುಗಣ್ಣನನ್ನು ಸೆಣಬಿನ ಹಗ್ಗದಿಂದ ಮರಕ್ಕೆ ಕಟ್ಟಿದ. ‘ವೀರನು ಅಸಹಾಯಕನಾಗಿ ಒದ್ದಾಡಿದನು’ ಎಂದು ಓದಿ ಮುಗಿಸಿದೆನೋ ಇಲ್ಲವೋ, ಚಿಕ್ಕಬೀರಮ್ಮ ಎದ್ದು ನಿಂತಳು.

"ಕಬ್ಬಿಣ ಕರಗ್ಸಿದ ಕಣ್ಣಿಗೆ ಸೆಣಬಿನ ಹಗ್ಗ ಸುಡಾಕಾಗಲ್ವಾ? ಯಾರಿಗೆ ಕಿವಿ ಮೇಲೆ ಹೂ ಮಡಗ್ತಾನೆ ಇವ್ನು?"

ಮರಮ್ಮ ಮಿಂಚುಗಣ್ಣನ ಕಡೆಯವಳು. "ಹಗ್ಗ ಕಟ್ಟಿರಾದು ಬೆನ್ನಿಂದೆ ಕಣಕ್ಕ. ಕಣ್ಣಿರಾದು ಮುಂದೆ."

"ಕಾಲಿಗೆ ಕಟ್ಟಿರಾ ಹಗ್ಗವೂ ಬೆನ್ನಿಂದೇನಾ?"

"ಬಗ್ಗಿ ನೋಡಾಕಾಗ್ಬೇಕಲ್ಲ!"

"ಅದ್ಯಾಕಾಗಲ್ಲ? ಬಾ ಇಲ್ಲಿ, ನೋಡೇಬುಡಾನ!"

ಚಪ್ಪರದ ಕಂಬಕ್ಕೆ ಮರಮ್ಮನನ್ನು ನಿಲ್ಲಿಸಿ, ಸೊಪ್ಪು ಕಟ್ಟುವ ದಾರದಿಂದಲೇ ಕತ್ತಿನವರೆಗೂ ಸುತ್ತಿದರು. ಅವಳು ತನ್ನ ಕಾಲನ್ನು ನೋಡಲು ಹೋಗಿ ಕಣ್ಣುಗುಡ್ಡೆ ಹೊರಳಿಸಿದ್ದು ನೋಡಿ ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಕಾಣ್ತದೆ, ಕಾಣಲ್ಲ ಎಂದು ಎರಡು ಪಕ್ಷವಾಗಿ ಕೂಗಾಡುವಷ್ಟರಲ್ಲಿ ಹೊತ್ತು ಇಳಿದಿತ್ತು. ಉಳಿದ ಸೊಪ್ಪನ್ನು ಗಡಿಬಿಡಿಯಲ್ಲಿ ಕಟ್ಟಿ ಎಸೆದೆವು. ಚೆನ್ನಿ ಒಬ್ಬಳೇ ತನ್ನ ಕೋಲು ಬಿಟ್ಟು ಎದ್ದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬ್ಯಾರನ್ನಿನಿಂದ ಸುಟ್ಟ ವಾಸನೆ ಬಂತು. ಬ್ಯಾರನ್ ನೋಡಿಕೊಳ್ಳುತ್ತಿದ್ದ ಮರಿಯಯ್ಯ ನೀರಲ್ಲಿ ಅದ್ದಿದ ಗೋಣಿಚೀಲ ಹೊದ್ದು ಒಳಗೆ ನುಗ್ಗಿ ಆರಿಸಿದ. ಈಚೆ ಬಂದಾಗ ಅವನ ಒಂದು ಹುಬ್ಬು ಸುಟ್ಟುಹೋಗಿತ್ತು, ಕೈಯಲ್ಲಿ ಅರ್ಧ ಬೋಳಾದ ಒಂದು ಕೋಲಿತ್ತು. ಅದರ ದಾರ ಜೋತಾಡುತ್ತಿತ್ತು. ಅದು ನಾನು ಕಟ್ಟಿದ ಕೋಲು.

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನೋಡವ್ವ, ಒಂದು ಬ್ಯಾರನ್ ಹೋದ್ರೆ ವರ್ಷದ ಬದುಕೇ ಹೋದಂಗೆ. ಬರೋ ವಾರ ಆ ಕಥೆ ಮುಗೀತದೆ ಅಂತೀಯ. ಅದೊಂದು ಓದು. ನಾನೂ ಅಲ್ಲೇ ಕೂತಿರ್ತೀನಿ. ಒಂದು ಕೈ ನಿಂತ್ರೂ ಪೇಪರ್ ಒಲೆಗೆ. ಇನ್ನು ಕಳ್ಸಬ್ಯಾಡಿ ಅಂತ ನಿಮ್ಮಪ್ಪನಿಗೆ ಹೇಳ್ಕಳಿಸ್ತೀನಿ."

"ಆಗ್ಲಿ ಮಾವ," ಅಂದೆ. ಹಿತ್ತಲಿಗೆ ಹೋಗಿ ಅತ್ತೆ. ತಪ್ಪು ನನ್ನದೇ ಎಂದು ಗೊತ್ತಿದ್ದರಿಂದ ಇನ್ನೂ ಜೋರಾಗಿ ಅತ್ತೆ.

ಶುಕ್ರವಾರ ಬಸ್ಸು ನಿಲ್ಲುವಲ್ಲಿಗೆ ನಾನೇ ಹೋದೆ. ಕಂಡಕ್ಟರ್ ಕೈಯಿಂದ ಪತ್ರಿಕೆ ಕಸಿದುಕೊಂಡು ನಿಂತಲ್ಲೇ ಕೊನೆಯ ಕಂತು ಓದಿದೆ. ಮಿಂಚುಗಣ್ಣ ಮರಕ್ಕೆ ಬಿಗಿಸಿಕೊಂಡು ನಿಂತಿದ್ದಾನೆ. ಚೇಳುಮೀಸೆ ಕೊಡಲಿ ಎತ್ತಿದ್ದಾನೆ. ಕೊಡಲಿ ಇಳಿಯುತ್ತದೆ... ‘ಅಷ್ಟರಲ್ಲಿ ಗುಮಾಸ್ತನಿಗೆ ಎಚ್ಚರವಾಯಿತು. ಎಲ್ಲವೂ ಕನಸು!’

ಕನಸಂತೆ! ಹನ್ನೊಂದು ವಾರ ನಮ್ಮ ಉಸಿರು ಹಿಡಿಸಿ, ಮರಿಯಯ್ಯನ ಹುಬ್ಬು ಸುಡಿಸಿ, ಕೊನೆಗೆ ಕನಸು! ನನಗೆ ಬಂದ ಸಿಟ್ಟಿಗೆ ಮಿಂಚುಗಣ್ಣನ ಕಣ್ಣೇನು, ನನ್ನ ಕಣ್ಣೇ ಆ ಪುಟವನ್ನು ಸುಡಬೇಕಿತ್ತು. ಇದನ್ನು ಓದಿದರೆ ಚಿಕ್ಕಬೀರಮ್ಮ ಚಪ್ಪರವನ್ನೇ ಕೆಡವುತ್ತಾಳೆ. ಒಂದು ಕೈಯಲ್ಲ, ಹತ್ತು ಕೈ ನಿಲ್ಲುತ್ತವೆ. ಅಲ್ಲಿಗೆ ನನ್ನ ಶುಕ್ರವಾರಗಳು ಮುಗಿದವು.

ಮನೆ ಒಂದು ಮೈಲಿ ದೂರ. ಅಳುತ್ತ, ಬೈಯುತ್ತ ನಡೆದೆ. ಕೈ, ಮೀಸೆ, ಹಗ್ಗ. ಕೈ, ಮೀಸೆ, ಹಗ್ಗ. ಒಂದಕ್ಕೆ ಕಾರಣ ಹುಡುಕಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಕೆರೆ ಏರಿಯ ಮೇಲೆ ಬಂದಾಗ ಚೆನ್ನಿಯ ಪ್ರಶ್ನೆ ನೆನಪಾಯಿತು. ಆ ಮುದುಕಿಗೆ ಊಟ ಯಾರಿಕ್ಕಿದರು? ನಿಂತುಬಿಟ್ಟೆ. ದಾರದ ತುದಿ ಸಿಕ್ಕಿಬಿಟ್ಟಿತ್ತು! ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ.

ಚಪ್ಪರದಲ್ಲಿ ಸೊಪ್ಪಿನ ರಾಶಿ ಸೊಂಟದೆತ್ತರ ಇತ್ತು. ಮಾವ ಬಾಗಿಲ ಬಳಿ ಕಲ್ಲಿನ ಮೇಲೆ ಕೂತಿದ್ದರು. ಮರಿಯಯ್ಯ ಒಂದೇ ಹುಬ್ಬಿನಲ್ಲಿ ಅವರ ಪಕ್ಕ ನಿಂತಿದ್ದ. ನಾನು ಪತ್ರಿಕೆ ಬಿಡಿಸಿ ಮುಖದ ಮುಂದೆ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದೆ.

‘ಮಿಂಚುಗಣ್ಣನು ಹಗ್ಗವನ್ನು ದಿಟ್ಟಿಸಿದನು. ಮಿಂಚು ಬರಲಿಲ್ಲ. ಏಕೆಂದರೆ ಆ ಮಿಂಚು ಅವನದಾಗಿರಲೇ ಇಲ್ಲ, ಅವನ ತಾಯಿಯದು. ಆಕೆ ಹೊಟ್ಟೆ ತುಂಬ ಉಂಡ ದಿನ ಮಗನ ಕಣ್ಣು ಉರಿಯುತ್ತಿತ್ತು. ಆಕೆ ಹಸಿದ ದಿನ ಮಗನ ಕಣ್ಣು ಆರುತ್ತಿತ್ತು. ಮಗನು ಗುಡಿಸಲಿಗೆ ಹೋಗಿ ಎಷ್ಟು ದಿನವಾಗಿತ್ತು!’

"ಅಯ್ಯೋ, ಅಂಗಾ!" ಅಂದಳು ಮರಮ್ಮ. ಮಾವ ಕತ್ತೆತ್ತಿದರು. ಮರಮ್ಮನ ಕೈ ಓಡುತ್ತಲೇ ಇತ್ತು.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಪ್ರವಾಹದಲ್ಲಿ ತೇಲಿಬಂದ ಸೌದೆ ಎಳೆಯಲು ಮುದುಕಿ ಕಪಿನಿಯ ದಡಕ್ಕೆ ಹೋಗಿದ್ದಳು. ಸೌದೆಯ ಜೊತೆ ಒಬ್ಬ ಮನುಷ್ಯನೂ ಸಿಕ್ಕ. ವೈರಿ ಅಂತ ಅವಳಿಗೇನು ಗೊತ್ತು? ಎಳೆದು ಹಾಕಿ, ಗುಡಿಸಲಲ್ಲಿದ್ದ ಕೊನೆಯ ಹಿಡಿ ರಾಗಿಹಿಟ್ಟಿನಲ್ಲಿ ಅಂಬಲಿ ಕಾಯಿಸಿ ಕುಡಿಸಿದಳು. ಚೇಳುಮೀಸೆ ಬದುಕಿದ್ದು ಹಾಗೆ. ಮುದುಕಿಗೆ ಅನ್ನ ತಪ್ಪಿದ್ದೂ ಹಾಗೆ. ಈಗ ಕೊಡಲಿ ಎತ್ತಿದಾಗ ಮಿಂಚುಗಣ್ಣನ ಮುಸುಕು ಜಾರಿತು. ಚೇಳುಮೀಸೆ ಬೆಚ್ಚಿದ. ತನಗೆ ಅಂಬಲಿ ಕುಡಿಸಿದ ಮುದುಕಿಯದೇ ಮುಖ! ಕೊಡಲಿ ಹಗ್ಗದ ಮೇಲೆ ಬಿತ್ತು. ಇಬ್ಬರೂ ಒಂದು ಮೂಟೆ ರಾಗಿ ಹೊತ್ತು ಗುಡಿಸಲಿಗೆ ಓಡಿದರು. ಮಗ ಮುದ್ದೆ ಮಾಡಿ ಅವ್ವನಿಗೆ ಬಡಿಸಿದ. ಅವಳು ಮೊದಲ ತುತ್ತು ನುಂಗಿದ್ದೇ ತಡ, ಹೆಗ್ಗಡದೇವನಕೋಟೆಯ ಕಾಡಿನ ಮೇಲೆಲ್ಲ ಫಳಾರನೆ ಮಿಂಚು!

"ಆ ಕೈ? ಮುರ್ದ ಕೈ?" ಅಂದಳು ಚಿಕ್ಕಬೀರಮ್ಮ, ಕೋಲಿನಿಂದ ಕಣ್ಣು ತೆಗೆಯದೆ.

"ಮುರ್ದಿದ್ದು ಎಡಗೈ ಅಂತೆ. ಅಚ್ಚಿನ ತಪ್ಪು ಅಂತ ಕೊನೇಲಿ ಹಾಕವ್ರೆ."

"ಇದ್ರೂ ಇರ್ಬೋದು ಕಣಮ್ಮಿ. ನಮ್ಮಣ್ಣನ ಲಗ್ನಪತ್ರಿಕೇಲಿ ಹೆಣ್ಣಿನ ಹೆಸರನ್ನೇ ತಪ್ಪಾಕಿದ್ರು," ಅಂದಳು ಮರಮ್ಮ. ಅದೂ ಬಿಗಿಯಾಯಿತು.

ರಾಶಿ ಖಾಲಿಯಾಗುತ್ತ ಬಂದಿತ್ತು. ಬಿಸಿಲು ಇನ್ನೂ ಇತ್ತು. ಮಾವ ಗಂಟಲು ಸರಿಮಾಡಿಕೊಂಡು, "ಆ ಮುದ್ಕಿ ಗಟ್ಟಿಯಾಗವ್ಳೆ ತಾನೇ?" ಅಂದರು. ಗಟ್ಟಿಯಾಗಿದ್ದಾಳೆ ಅಂದೆ. ಗೆದ್ದೆ ಅಂದುಕೊಂಡೆ.

"ಎಲ್ಲಿ, ಚಿತ್ರ ತತ್ತಾ," ಅಂದಳು ಚಿಕ್ಕಬೀರಮ್ಮ.

ಚಿತ್ರ! ಅದನ್ನು ನಾನು ಮರೆತೇಬಿಟ್ಟಿದ್ದೆ. ಬರೆದವನು ಮುದುಕಿಯನ್ನು ಮರೆತ ಹಾಗೆ. ಕೊಡದೆ ಇರುವಂತಿಲ್ಲ, ಮುಚ್ಚಿಡುವಂತಿಲ್ಲ. ಕೊಟ್ಟೆ. ಚಿತ್ರದಲ್ಲಿ ಗುಮಾಸ್ತ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಕಾಡಿಲ್ಲ, ಗುಡಿಸಲಿಲ್ಲ, ಮುದುಕಿಯಿಲ್ಲ.

"ಇದೇನವ್ವ? ಇವ್ನು ಮಲಗವ್ನೆ. ಮುದ್ಕಿ ಎಲ್ಲಿ? ಮಿಂಚೆಲ್ಲಿ?"

ಮರಮ್ಮ ಬಗ್ಗಿ ನೋಡಿದಳು. ಅವಳ ಕೈ ನಿಂತಿತು. ಚಿಕ್ಕಬೀರಮ್ಮನ ಕೈ ಆಗಲೇ ನಿಂತಿತ್ತು. ಮಾವ ಕಲ್ಲಿನ ಮೇಲಿಂದ ಎದ್ದರು.

ಚೆನ್ನಿ ಕೈ ಚಾಚಿ ಪತ್ರಿಕೆ ತೆಗೆದುಕೊಂಡಳು. ಮಲಗಿದ್ದವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅವ್ವ ಉಂಡವ್ಳೆ. ಅದ್ಕೇ ಇವ್ನಿಗೆ ನಿದ್ದೆ ಬಂದದೆ," ಅಂದಳು.

ಚಿಕ್ಕಬೀರಮ್ಮ ‘ಹೂಂ ಮತ್ತೆ’ ಎಂದು ಕೋಲು ಎತ್ತಿಕೊಂಡಳು. ಮರಮ್ಮ ಮೂಗು ಒರೆಸಿಕೊಂಡು ದಾರ ಎಳೆದಳು. ಮಾವ "ಮರಿಯಯ್ಯ, ಕೋಲು ಏರ್ಸು ಬಾರಯ್ಯ. ಪೇಪರ್ ಬತ್ತಾ ಇರ್ಲಿ ಬುಡು," ಎಂದು ಬ್ಯಾರನ್ನಿನ ಕಡೆ ಹೋದರು.

ಎಲ್ಲರೂ ಕೈ ತೊಳೆಯಲು ಹೋದ ಮೇಲೆ ಚೆನ್ನಿ ಪತ್ರಿಕೆಯನ್ನು ನೀಟಾಗಿ ಮಡಿಸಿ ನನಗೆ ಕೊಟ್ಟಳು.

"ವಾರವಾರ ಓದ್ವಾಗ ನೀನು ಒಂದ್ಸಲ ಹಾಳೆ ತಿರುವ್ತಿದ್ದೆ ಕಣವ್ವ. ಇವತ್ತು ತಿರುವ್ಲೇ ಇಲ್ಲ," ಅಂದು ನಕ್ಕಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು, ಅವಳ ಕೈ ಹಿಡಿದುಕೊಂಡೆ. ಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಕೈ.

"ನಾಳೆ ನಾನು ಕೆಲ್ಸಕ್ಕೆ ಬರಾಕಿಲ್ಲ. ಹಾಡಿಗೆ ಹೋಗಿ ಅವ್ವನ್ನ ನೋಡ್ಕಂಡು ಬತ್ತೀನಿ."

ಒಳಗೆ ಹೋಗಿ ಎರಡು ಸೇರು ರಾಗಿಹಿಟ್ಟು ಗಂಟು ಕಟ್ಟಿ ತಂದೆ. ಗಂಟು ಸಡಿಲವಾಗಿದೆ ಎಂದು ಚೆನ್ನಿ ಅದನ್ನು ಬಿಚ್ಚಿ ಮತ್ತೆ ತಾನೇ ಕಟ್ಟಿಕೊಂಡಳು.