ಬರಿಗೈಲಿ ಹೋಗಬಾರದು

ಚೂನ್ಯೊದ ವಾಸನೆ ಬಂತೆಂದರೆ ಫೆರ್ಮಿನಾಳಿಗೆ ಅಮ್ಮನ ಶಾಲು ನೆನಪಾಗುತ್ತದೆ. ಅವರ ಬೆಟ್ಟದೂರಿನಲ್ಲಿ ಜೂನ್ ಎಂದರೆ ಚಳಿಗಾಲ; ಆ ಕೊರೆಯುವ ಚಳಿಯಲ್ಲಿ ಆಲೂಗಡ್ಡೆಯನ್ನು ಬಯಲಿಗೆ ಹರಡಿ, ಹಿಮ ಹಿಡಿದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಕಲ್ಲಿನ ಹಾಗಾಗುವವರೆಗೆ ಒಣಗಿಸಿ ಚೂನ್ಯೊ ಮಾಡುತ್ತಿದ್ದರು. ಹಳೆಯ ಗೋಣಿ, ಒದ್ದೆ ಮಣ್ಣು, ಸಗಣಿಬೆಂಕಿಯ ಹೊಗೆ ಮೂರೂ ಕೂಡಿದ ಆ ವಾಸನೆ ಚಿಕ್ಕಂದಿನಲ್ಲಿ ಅವಳ ಕೂದಲಲ್ಲೂ ಇರುತ್ತಿತ್ತು. ಈಗ ಸುಕ್ರೆ ಪಟ್ಟಣದ ಕಾರ್ಮಿಕ ಇಲಾಖೆಯ ಪಡಸಾಲೆಯಲ್ಲಿ, ಅವಳ ಮಡಿಲಲ್ಲಿದ್ದ ಗಂಟಿನಿಂದ ಅದೇ ವಾಸನೆ ಏಳುತ್ತಿತ್ತು.

"ಏನಮ್ಮಾ, ಬೀಗರ ಮನೆಗೆ ಹೊರಟಂಗೆ ಗಂಟು ತಂದಿದೀಯ?" ಬಾಗಿಲು ಕಾಯುವ ಮುದುಕ ನಕ್ಕ.

"ನನ್ನ ಕೊಮಾದ್ರೆ ಬರ್ತಾರಲ್ಲಪ್ಪ. ಬರಿಗೈಲಿ ಹೇಗೆ ಎದುರಾಗೋದು?"

"ಸರಿ. ದೂರು ಯಾರ ಮೇಲೆ?"

"ಅವರ ಮೇಲೇನೆ."

ಮುದುಕನ ನಗು ನಿಂತಿತು. ಅವನು ತನ್ನ ಕುರ್ಚಿಯನ್ನೇ ಎತ್ತಿ ತಂದು, ಕಿಟಕಿಯ ಬಿಸಿಲು ಬೀಳುವ ಕಡೆ ಅವಳಿಗೆ ಹಾಕಿಕೊಟ್ಟ. ಅವಳ ಬೆರಳುಗಳು ಊದಿ ಸೊಟ್ಟಗಾಗಿದ್ದನ್ನು ನೋಡಿರಬೇಕು.

ಮಗುವಿನ ಜವಳದಲ್ಲಿ ಕೂದಲಿನ ಮೊದಲ ಕುಚ್ಚಿಗೆ ಕತ್ತರಿ ಹಾಕಿದವರು ಆ ಮಗುವಿಗೆ ಎರಡನೆಯ ತಾಯಿ; ಅವರು, ಹೆತ್ತವಳು ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರೊಂದಿಗೆ ಜಗಳವಾಡಬಹುದು, ಕೊಮಾದ್ರೆಯೊಂದಿಗೆ ಆಡುವಂತಿಲ್ಲ. ಹದಿನಾಲ್ಕು ವರ್ಷ ಫೆರ್ಮಿನಾ ದೋನ್ಯಾ ಎರ್ಸಿಲಿಯಾರ ಮನೆಯಲ್ಲಿ ಬಟ್ಟೆ ಒಗೆದು ಅಡುಗೆ ಮಾಡಿದವಳು. ಮೊದಲ ಎಂಟು ವರ್ಷ ಅವರನ್ನು ಅಮ್ಮಾವ್ರೇ ಎನ್ನುತ್ತಿದ್ದಳು; ತಿಂಗಳ ಕೊನೆಗೆ ಸಂಬಳ ಕೈಗೆ ಬರುತ್ತಿತ್ತು. ಮಗಳು ಲಿಸ್ಬೆತ್‌ಗೆ ನಾಲ್ಕು ತುಂಬಿದಾಗ ಅವರೇ ಆಸೆಪಟ್ಟು ಕತ್ತರಿ ಹಿಡಿದರು. ತಟ್ಟೆಗೆ ಇನ್ನೂರು ಬೊಲಿವಿಯಾನೊ ಹಾಕಿ, "ಇನ್ಮೇಲೆ ಅಮ್ಮಾವ್ರು ಅನ್ನಬೇಡ ಕಣೇ, ಕೊಮಾದ್ರೆ ಅನ್ನು" ಎಂದರು. ಅವಳು ಸಂತೋಷಕ್ಕೆ ಅತ್ತಿದ್ದಳು. ಮರುತಿಂಗಳು ಸಂಬಳ ಬರಲಿಲ್ಲ. "ನಿನ್ನ ಕೈಲಿದ್ರೆ ಖರ್ಚಾಗುತ್ತೆ. ಮಗೂಗೆ ಅಂತ ನಾನೇ ಇಟ್ಟಿರ್ತೀನಿ" ಎಂದರು. ಕೊಮಾದ್ರೆಯನ್ನು ಲೆಕ್ಕ ಕೇಳುವುದುಂಟೇ? ಆರು ವರ್ಷ ಕೇಳಲಿಲ್ಲ. ಈ ಫೆಬ್ರವರಿಯಲ್ಲಿ ಬೆರಳು ಮಡಚಲಾಗದೆ ಒದ್ದೆ ಕಂಬಳಿ ಹಿಂಡುವುದು ನಿಂತಾಗ, ಊರಿಗೆ ಹೋಗಿ ಸುಧಾರಿಸಿಕೋ ಎಂದು ಬಸ್ಸಿನ ಚೀಟಿ ತೆಗೆಸಿಕೊಟ್ಟರು. ಆಗ ಕೇಳಿದಳು. ಅವರು ಯಾವ ಹಣ ಎಂದರು.

ಒಗೆಯಲಾರದ ಕೈಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ. ಸಂತೆಕಟ್ಟೆಯಲ್ಲಿ ಕಾಳು ಮಾರುವ ಒಂದು ಮಳಿಗೆ ಬಾಡಿಗೆಗಿತ್ತು. ಈ ತಿಂಗಳೊಳಗೆ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲು. ಆಮೇಲೆ ಲಿಸ್ಬೆತ್ ಶಾಲೆ ಬಿಟ್ಟು ಯಾರದೋ ಮನೆಯ ಬಚ್ಚಲಿಗೆ ಹೋಗಬೇಕು, ತಾಯಿ ಹೋದ ಹಾಗೆ.

ದೋನ್ಯಾ ಎರ್ಸಿಲಿಯಾ ವಕೀಲನೊಂದಿಗೆ ಬಂದರು. ಹಿಂದೆ ಅವರ ಕೊಡೆ, ಕೈಚೀಲ ಹೊತ್ತು ಹೊಸ ಅಡುಗೆಯವಳು ಸಬಾಸ್ತಾ.

"ಅಯ್ಯೋ ಕೊಮಾದ್ರೆ, ಎಷ್ಟು ಸೊರಗಿದೀಯೇ! ಊಟಗೀಟ ಮಾಡ್ತೀಯೋ ಇಲ್ವೋ?" ಎಂದು ಎರಡೂ ಕೆನ್ನೆಗೆ ಮುತ್ತಿಟ್ಟರು. ಫೆರ್ಮಿನಾಳ ಕೈಗಳು ತಾವಾಗಿಯೇ ಗಂಟನ್ನು ಮುಂದೆ ಚಾಚಿದವು. "ಅಮ್ಮ ತುಳಿದ ಚೂನ್ಯೊ, ಕೊಮಾದ್ರೆ. ಸ್ವಲ್ಪಾನೇ ಇದೆ."

ಗಂಟು ಅಧಿಕಾರಿಯ ಮೇಜಿನ ಮೇಲೆ ಕುಳಿತಿತು. ಅಧಿಕಾರಿ ಕೆಮ್ಮು ಹಿಡಿದ, ಸಮಾಧಾನದ ಮನುಷ್ಯ. ಅವಳ ಮಾತು ಮುಗಿಯುವವರೆಗೂ ನಡುವೆ ಬಾಯಿ ಹಾಕಲಿಲ್ಲ.

ವಕೀಲ ಎದ್ದ. "ಸ್ವಾಮಿ, ಸಂಬಳ ಕೊಡದೋರಿಗೆ ಯಾರಾದ್ರೂ ಉಡುಗೊರೆ ತರ್ತಾರಾ? ಇದು ಮನೆಯೋರ ಮನಸ್ತಾಪ. ಇವಳು ನಮ್ಮ ಅಮ್ಮಾವ್ರ ಮನೇಲಿ ಕೊಮಾದ್ರೆ ಆಗಿ ಇದ್ಲು. ಉಂಡಳು, ಉಟ್ಟಳು. ಕೆಲಸದವಳು ಅನ್ನೋದಕ್ಕೆ ಒಂದು ಕಾಗದ ಇದ್ಯಾ, ಕೇಳಿ."

"ಕಾಗದ ಇದೆಯಾ ತಾಯಿ? ಇಲ್ಲಾ ಸಾಕ್ಷಿ?"

"ಇಲ್ಲ ಸ್ವಾಮಿ. ಕೊಮಾದ್ರೆ ಹತ್ರ ಕಾಗದ ಹೇಗೆ ಕೇಳ್ಲಿ?"

"ನೋಡಿ, ಬಾಯಿಬಿಟ್ಟು ಅವಳೇ ಹೇಳಿದ್ಲು," ಎಂದ ವಕೀಲ.

ಅಧಿಕಾರಿ ಲೇಖನಿ ಕೆಳಗಿಟ್ಟ. "ಯೋಚಿಸಿ ಹೇಳಮ್ಮ. ಇವರು ನಿನಗೆ ಕೊಮಾದ್ರೆಯೋ, ಯಜಮಾನಿಯೋ?"

ಯಜಮಾನಿ ಎಂದೊಂದು ಮಾತು ಹೇಳಿದರೆ ಸಾಕಿತ್ತೇನೋ. ಆದರೆ ಜವಳದ ದಿನ ಕತ್ತರಿಸಿದ ಕೂದಲ ಕುಚ್ಚು ಇನ್ನೂ ಅಮ್ಮನ ಮನೆಯ ಗೋಡೆಯ ಗೂಡಿನಲ್ಲಿತ್ತು, ಕೆಂಪು ದಾರ ಸುತ್ತಿ. ಸುಳ್ಳು ಹೇಳಿದರೆ ಆ ಮಗುವಿನ ತಲೆಗೆ ಬಂದೀತು.

"ಕೊಮಾದ್ರೆ ಹೌದು," ಎಂದಳು. "ಬಟ್ಟೆ ಒಗೆದಿದ್ದು ಮಾತ್ರ ಸಂಬಳಕ್ಕೆ."

ದೋನ್ಯಾ ಎರ್ಸಿಲಿಯಾ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜದ್ದೇ ಇದ್ದಿರಬೇಕು. ಅದೇ ಫೆರ್ಮಿನಾಳಿಗೆ ಹೆಚ್ಚು ಭಯ ಹುಟ್ಟಿಸಿತು. "ಐನೂರು ಕೊಡ್ತೀನಿ, ಮಗೂಗೆ ಬಟ್ಟೆಗೆ. ಬಾಕಿ ಇಲ್ಲ ಅಂತ ಒಂದು ರುಜು ಹಾಕಿಬಿಡಲಿ."

"ಹಾಕಲ್ಲ."

"ಕೊಬ್ಬು ನೋಡಿ ಇವಳಿಗೆ!" ಎಂದ ವಕೀಲ.

"ಹಾಕದಿದ್ರೆ ವಿಷಯ ಕೋರ್ಟಿಗೆ ಹೋಗುತ್ತೆ ತಾಯಿ," ಎಂದ ಅಧಿಕಾರಿ ಮೆಲ್ಲಗೆ. "ವರ್ಷ ಹಿಡೀಬಹುದು, ಎರಡೂ ಹಿಡೀಬಹುದು."

"ಹೋಗಲಿ ಸ್ವಾಮಿ."

ಮಳಿಗೆ ಕೈತಪ್ಪಿತು. ಅದು ಅವಳಿಗೂ ಗೊತ್ತಿತ್ತು.

ದೋನ್ಯಾ ಎರ್ಸಿಲಿಯಾ ಕೊಡೆ ಹಿಡಿದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು. "ಸಬಾಸ್ತಾ, ಆ ಗಂಟು ತಗೋ. ಪಾಪ, ಪ್ರೀತಿಯಿಂದ ತಂದಿದಾಳೆ."

ಫೆರ್ಮಿನಾ ಮೆಟ್ಟಿಲ ಮೇಲೆ ಕುಳಿತಳು. ಹನ್ನೆರಡರ ಗಂಟೆ ಬಾರಿಸಿತು. ಗುಮಾಸ್ತರು ಒಬ್ಬೊಬ್ಬರಾಗಿ ಊಟಕ್ಕೆ ಇಳಿದು ಹೋದರು. ಊರಿನ ಬಸ್ಸು ಸಂಜೆಗೆ. ಬಸ್ಸಿನ ದುಡ್ಡು ಬಿಟ್ಟರೆ ಜೇಬಿನಲ್ಲಿ ಮತ್ತೇನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಸಬಾಸ್ತಾ ಒಬ್ಬಳೇ ಏದುಸಿರು ಬಿಡುತ್ತ ವಾಪಸು ಬಂದಳು. ನಲವತ್ತು ದಾಟಿದ ಹೆಂಗಸು. ಒಗೆದೊಗೆದು ಕೆಂಪಾದ ಕೈ.

"ಅಮ್ಮಾವ್ರ ಕನ್ನಡಕ ಇಲ್ಲೇ ಮರೆತೆ ಅಂತ ನೆಪ ಹೇಳಿ ಬಂದೆ," ಎಂದಳು. "ಇಲ್ಲಿ ದೂರು ಯಾವ ವಾರ ತಗೋತಾರೆ?"

"ಮಂಗಳವಾರ, ಗುರುವಾರ. ಯಾಕೆ?"

ಸಬಾಸ್ತಾ ಬೀದಿಯ ಕಡೆ ನೋಡಿದಳು. "ಹೋದ ತಿಂಗಳು ನನ್ನ ಮಗಂದೂ ಜವಳ ಆಯ್ತಕ್ಕ. ಅಮ್ಮಾವ್ರೇ ಕತ್ತರಿ ಹಿಡಿದ್ರು. ಮೊನ್ನೆ ಸಂಬಳ ಕೇಳಿದ್ರೆ, ಮಗೂಗೆ ಅಂತ ಇಟ್ಟಿರ್ತೀನಿ ಅಂದ್ರು."

ಫೆರ್ಮಿನಾ ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಅವಳಿಗೆ ಜಾಗ ಮಾಡಿದಳು. ಆಮೇಲೆ ಅಂದಳು: "ನಾಳೇನೇ ಕೇಳು. ನನ್ನ ಹಾಗೆ ಆರು ವರ್ಷ ಕೂರಬೇಡ. ಇಲ್ಲಿಗೆ ಬರೋವಾಗ ಬರಿಗೈಲಿ ಬಾ. ಏನೇ ಆಗಲಿ, ಬರಿಗೈಲೇ ಬಾ."

ಸಬಾಸ್ತಾ ತಲೆಯಾಡಿಸಿದಳು. ಬೆನ್ನಿಗೆ ಕಟ್ಟಿದ್ದ ಬಟ್ಟೆಯ ಜೋಳಿಗೆ ಬಿಚ್ಚಿ, ತನ್ನ ಮಧ್ಯಾಹ್ನದ ಊಟದ ಡಬ್ಬಿ ತೆಗೆದಳು. ಶೇಂಗಾ ಸಾರು ಇನ್ನೂ ಬಿಸಿಯಿತ್ತು. ಫೆರ್ಮಿನಾಳ ಬೆರಳಿಗೆ ಮುಚ್ಚಳ ತಿರುಗಿಸಲಾಗದೆಂದು ತಾನೇ ತೆರೆದು, ಚಮಚ ಒರೆಸಿ, ಡಬ್ಬಿಯನ್ನು ಅವಳ ಎರಡೂ ಅಂಗೈ ನಡುವೆ ಇಟ್ಟಳು.