ನಡುವಿನ ಸಾಲು

ಚಿತ್ರದ ಕಾರ್ಡುಗಳ ಪೆಟ್ಟಿಗೆ ಇಟ್ಟುಹೋದ ದಿನವೇ ಗಂಗಲಕ್ಷ್ಮಿ ಟೀಚರಿಗೆ ಮಹಾಂತೇಶನ ನಗು ಹಿಡಿಸಿರಲಿಲ್ಲ. ಅವನು ಚಳ್ಳಕೆರೆಯಿಂದ ಬಂದು ಶಾಲೆಗಳಿಗೆ ಓದು ಕಲಿಸುವ ಸಾಮಾನು ಮಾರುವವನು. "ಎಂಟು ದಿನ ಮಕ್ಕಳ ಕೈಲಿರಲಿ ಮೇಡಂ, ಆಮೇಲೆ ನೀವೇ ಹೇಳ್ತೀರಿ" ಎಂದಿದ್ದ.

ಇವತ್ತು ಅದನ್ನು ಕೊಳ್ಳಬೇಕೋ ಬೇಡವೋ ತೀರ್ಮಾನಿಸುವ ದಿನ. ಬಿ.ಜಿ. ಕೆರೆಯ ಆಚೆಗಿನ ಹಟ್ಟಿಯ ಶಾಲೆ ಅದು. ಕೊಳ್ಳುವ ಕಾಗದದ ಮೇಲೆ ಹೆಡ್‌ಮಾಸ್ಟರು ನಾಗೇಂದ್ರಪ್ಪ, ಶಾಲಾ ಸಮಿತಿಯ ಪಾಲಣ್ಣ ಒಪ್ಪಿಗೆ ಹಾಕಿ ಆಗಿತ್ತು. ಉಳಿದದ್ದು ಗಂಗಲಕ್ಷ್ಮಿಯದು. ಸಹಿ ಬಿದ್ದರೆ ಮೂರು ವರ್ಷ ಒಂದನೇ, ಎರಡನೇ ತರಗತಿಯವರು ಇದರಲ್ಲೇ ಓದು ಕಲಿಯಬೇಕು. ಕಲಿಯದೆ ಮೂರನೇ ತರಗತಿಗೆ ಹೋದ ಮಕ್ಕಳನ್ನು ಅವಳು ನೋಡಿದ್ದಳು. ಹಿಂದಿನ ಸಾಲಿಗೆ ಸರಿದು ಕೂತು, ಆಮೇಲೆ ಕುರಿ ಹಿಂದೆ ಹೋಗಿಬಿಡುತ್ತಿದ್ದವು.

ಪಾಲಣ್ಣನ ಮೊಮ್ಮಗಳು ಪಾತಮ್ಮ ಎರಡನೇ ತರಗತಿ. ಕಾರ್ಡು ಹಿಡಿದು, ಬೆರಳಿಟ್ಟು, ಎಲ್ಲೂ ತಡೆಯದೆ ಚಿತ್ರದ ಕೆಳಗಿನ ಎಂಟು ಸಾಲು ಓದಿದಳು.

"ನೋಡ್ರಿ ಮೇಷ್ಟ್ರೆ, ನಮ್ಮ ಮನ್ಯಾಗೆ ಇಂಗೆ ಓದಿದೋರು ಯಾರೂ ಇಲ್ಲ," ಪಾಲಣ್ಣ ಟವಲು ಹೆಗಲಿಗೆ ಹಾಕಿಕೊಂಡ. "ನಂಗೆ ಬಸ್ಸಿನ ಬೋರ್ಡೂ ಬರಾಕಿಲ್ಲ."

ಗಂಗಲಕ್ಷ್ಮಿ ನೋಡುತ್ತಿದ್ದದ್ದು ಬೆರಳನ್ನು. ಬಾಯಿ ಆರನೇ ಸಾಲಿನಲ್ಲಿದ್ದಾಗ ಬೆರಳು ಕೊನೆ ಮುಟ್ಟಿತ್ತು. ಪಕ್ಕದಲ್ಲಿ ನಿಂತ ಮಹಾಂತೇಶನೇ ಮೊದಲು ಬಂದು ಹೇಳಿಕೊಟ್ಟಿದ್ದಾನೆ ಅಂದುಕೊಂಡಳು. ನಾಲ್ಕನೇ ಸಾಲು ತೋರಿಸಿ, "ಇಲ್ಲಿಂದ ಓದವ್ವ" ಎಂದಳು.

ಹುಡುಗಿಯ ತುಟಿ ಸದ್ದಿಲ್ಲದೆ ಅಲ್ಲಾಡಿತು. ಮೊದಲ ಸಾಲಿನಿಂದ ಓಡಿಬಂದು ನಾಲ್ಕನೆಯದನ್ನು ಹಿಡಿದು, ಆಮೇಲೆ ಜೋರಾಗಿ ಹೇಳಿದಳು.

"ಯಾರು ಹೇಳಿಕೊಟ್ಟಿದ್ದು ನಿಂಗೆ?"

"ನೀವೇ ಎರಡ್ ಸರ್ತಿ ಓದಿದ್ರಲ್ರೀ ಟೀಚರ್."

ಮಹಾಂತೇಶನ ಮುಖದಲ್ಲಿ ನಗು ಇರಲಿಲ್ಲ. ಅವನಿಗೂ ಇದು ಗೊತ್ತಿರಲಿಲ್ಲ. ಹಟ್ಟಿಯ ಮಕ್ಕಳು ಅಜ್ಜಿಯರು ಹಾಡುವ ಪದ ಕೇಳುತ್ತ ಬೆಳೆದವರು. ಎರಡು ಸಲ ಕಿವಿಗೆ ಬಿದ್ದದ್ದು ಬಾಯಲ್ಲಿ ನಿಲ್ಲುತ್ತದೆ.

ಗಂಗಲಕ್ಷ್ಮಿಗೆ ಇನ್ನೊಂದು ಅನುಮಾನ ಎದ್ದಿತು, ಮೊದಲಿನದಕ್ಕಿಂತ ಕೆಟ್ಟದ್ದು. ತಾನು ಜೂನ್‌ನಿಂದ ಕಲಿಸಿದ ಪಠ್ಯಪುಸ್ತಕ ತೆಗೆದು ಮೂರನೇ ಪಾಠದ ನಡುವೆ ಬೆರಳಿಟ್ಟಳು. ಪಾತಮ್ಮನ ತುಟಿ ಮತ್ತೆ ಅಲ್ಲಾಡತೊಡಗಿತು.

"ಏನಾತು ಟೀಚರ್?" ಪಾಲಣ್ಣ ಕೇಳಿದ. "ಓದಾಕೆ ಬರ್ತೈತಾ ಇಲ್ವಾ?"

"ಇಲ್ಲ ಅಣ್ಣಾ. ಬರುತ್ತೆ ಅಂತ ಪ್ರಗತಿ ಪತ್ರದಲ್ಲಿ ನಾನೇ ಬರೆದಿದ್ದೆ."

ನಾಗೇಂದ್ರಪ್ಪ ಕೆಮ್ಮಿದರು. "ಅದೆಲ್ಲ ಆಮೇಲೆ ನೋಡಾಣ, ಸಹಿ ಹಾಕಮ್ಮ."

"ಎರಡು ವಾರ ಬಿಡಿ ಸರ್. ಯಾರಿಗೆ ಅಕ್ಷರ ಬರುತ್ತೆ, ಯಾರಿಗೆ ಬಾಯಿಪಾಠ ಅಂತ ಒಬ್ಬೊಬ್ಬರನ್ನೇ ನೋಡ್ಬೇಕು. ಪೆಟ್ಟಿಗೆ ಬೇಕೋ ಬೇಡ್ವೋ ಅಂತ ಆಮೇಲೆ ಹೇಳ್ತೀನಿ."

ಪಾಲಣ್ಣ ಮೇಜಿನ ಮೇಲಿನ ಕಾಗದ ಎಳೆದುಕೊಂಡು, "ನಂದು ಗೀಟು ಹಾಕಿ ಹೊಡೆದಾಕ್ರಿ ಮೇಷ್ಟ್ರೆ" ಎಂದು ತನ್ನ ಹೆಬ್ಬೆಟ್ಟಿನ ಗುರುತನ್ನು ತೋರಿಸಿದ.